ನೂರಾ ಹನ್ನೊಂದರ ಬೆನ್ನು

ಫ್ಯಾನಿನ ಮೂರು ರೆಕ್ಕೆಗಳಲ್ಲಿ ಒಂದು ಎಲ್ಲೋ ತಗಲುತ್ತಿದೆ, ಟಕ್, ಟಕ್, ಅಕ್ಕ ಸೀಲು ಹೊಡೆಯುವಾಗಲೂ ಇದೇ ಸದ್ದು, ಪ್ಯಾಡಿನ ಮೇಲೊಂದು, ಹಾಳೆಯ ಮೇಲೊಂದು, ಟೆಂಡರಿಗೆಂದು ಇನ್ನೂರಾ ಆರು ಹಾಳೆ — ಮಾಡಿಸುವುದು ಕಂಪ್ಯೂಟರಿನ ಕೆಲಸ, ಕೇಳುವುದು ಕಾಗದದ ಮೂಟೆ, ಹಾಳೆ ಹಾಳೆಗೂ ಸಹಿ, ಹಾಳೆ ಹಾಳೆಗೂ ಸೀಲು, ನಗಬೇಕೋ ಅಳಬೇಕೋ ಅಂತ ಅವಳಿಗೆ ಅವತ್ತೇ ಅನ್ನಿಸಿತ್ತು. ಆ ಅಕ್ಕ ಈಗ ಪಕ್ಕದ ಕುರ್ಚಿಯ ತುದಿಯಲ್ಲಿ, ಇನ್ನೇನು ಎದ್ದೇಬಿಡುತ್ತಾಳೆ ಅನ್ನುವಂತೆ ಕೂತಿದ್ದಾಳೆ, ಅಕ್ಕನ ಮಣಿಕಟ್ಟನ್ನು ಅವಳು ಮೇಜಿನ ಕೆಳಗೆ ಬಿಗಿಯಾಗಿ ಹಿಡಿದಿದ್ದಾಳೆ, ಕೂತ್ಕೋ ಅಕ್ಕಾ, ಬಾಯಿ ಬಿಟ್ಟೀಯ ಜೋಕೆ. ಮೇಜಿನಾಚೆ ಮೇಲ್ಮನವಿ ಕೇಳುವ ಅಧಿಕಾರಿ, ಅವರೆದುರು ದಾರ ಕಟ್ಟಿದ ಫೈಲು, ಬಲಗಡೆ ಟೆಂಡರ್ ಗೆದ್ದ ಕಂಪನಿಯ ವಕೀಲರು, ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ, ದನಿಯೋ ಬೆಣ್ಣೆ — ಸಾರ್, ಒಂಬತ್ತು ವರ್ಷದ ಅನುಭವ ಅಂತಾರೆ, ಅದರ ಪ್ರಮಾಣಪತ್ರ ಎಲ್ಲಿ, ನೂರಾ ಹನ್ನೆರಡನೇ ಪುಟ ಅಂತಾರೆ, ನೂರಾ ಹನ್ನೊಂದು ಇದೆ, ನೂರಾ ಹದಿಮೂರು ಇದೆ, ನಡುವಿನದು ಕವರ್ ಒಡೆದಾಗ್ಲೇ ಇರ್ಲಿಲ್ಲ, ಹಾಕೋದು ಮರೆತವರು ಈಗ ಇಲಾಖೆ ಮೇಲೆ ಗೂಬೆ ಕೂರಿಸ್ತಿದಾರೆ. ಮಾತಾಡಲಿ, ಇನ್ನೂ ಮಾತಾಡಲಿ, ಕವರ್ ಒಡೆದಾಗಲೇ ಇರಲಿಲ್ಲ ಅಂತ ಇನ್ನೆರಡು ಸಲ ಗಟ್ಟಿಯಾಗಿ ಹೇಳಲಿ, ಬರೆದುಕೊಳ್ಳುವವರು ಬರೆದುಕೊಳ್ಳಲಿ.

ಅನುಭವ ಸೊನ್ನೆ, ಹಾಗಂತಲೇ ಕಾಗದ ಬಂದದ್ದು, ಅದೂ ಯಾರಿಂದ, ಒಂಬತ್ತು ವರ್ಷದಿಂದ ಆಂಬ್ಯುಲೆನ್ಸ್‌ಗಳ ದಾರಿಯನ್ನೆಲ್ಲ ಅವಳ ಆಫೀಸು ಮಾಡಿಕೊಟ್ಟ ಕಂಪ್ಯೂಟರ್ ನಕ್ಷೆಯ ಪರದೆಯ ಮೇಲೇ ನೋಡುತ್ತಿರುವ ಇಲಾಖೆಯಿಂದ, ಆ ಪ್ರಮಾಣಪತ್ರ ಬರೆದುಕೊಟ್ಟದ್ದೂ ಅದೇ ಇಲಾಖೆ, ಕೇಳಿದರೆ, ನಮಗೆ ಗೊತ್ತು ಮೇಡಂ, ಆದ್ರೆ ಕವರಲ್ಲಿ ಇಲ್ಲದ್ದು ನಮ್ಮ ಪಾಲಿಗೆ ಇಲ್ಲ. ಮೊದಲ ವರ್ಷ ಅವಳು ತಿಂಗಳಿಡೀ ಆಂಬ್ಯುಲೆನ್ಸಿನ ಮುಂದಿನ ಸೀಟಿನಲ್ಲಿ ನೋಟ್‌ಬುಕ್ ಹಿಡಿದು ಓಡಾಡಿದ್ದಳು, ಯಾವ ಗೇಟಿಗೆ ಬೀಗ, ಯಾವ ಸೇತುವೆ ತಗ್ಗು, ನಕ್ಷೆಯಲ್ಲಿ ದಾರಿ ಇದೆ ಮೇಡಂ, ನೆಲದ ಮೇಲೆ ಗೋಡೆ ಇದೆ ಅಂತ ನಕ್ಕಿದ್ದ ಡ್ರೈವರ್, ಆ ಗೋಡೆಯನ್ನು ಸಂಜೆಯೊಳಗೆ ನಕ್ಷೆಗೆ ಸೇರಿಸಿದ್ದಳು, ಮಾರನೆಯ ವಾರ ಅದೇ ಗೋಡೆಯನ್ನು ತಪ್ಪಿಸಿಕೊಂಡು ಗಾಡಿ ಮೂರು ನಿಮಿಷ ಮುಂಚೆ ಆಸ್ಪತ್ರೆ ಸೇರಿತ್ತು. ಗೆದ್ದ ಕಂಪನಿಯವರಿಗೆ ಆ ಗೋಡೆ ಗೊತ್ತೇ? ಒಂದನೇ ತಾರೀಕಿಗೆ ಪರದೆ ಅವರ ಕೈಗೆ ಹೋಗುತ್ತದೆ, ಅವಳ ಆಫೀಸಿನ ಏಳು ಜನ ಮನೆಗೆ ಹೋಗುತ್ತಾರೆ. ಅಕ್ಕನದು ಆರು ವಾರದಿಂದ ಒಂದೇ ರಾಗ, ತಪ್ಪು ನಂದೇ ಕಣೇ, ಸೀಲು ಹೊಡೆದು ಪಕ್ಕಕ್ಕಿಟ್ಟಿರ್ತೀನಿ, ಕಟ್ಟುವಾಗ ಸೇರಿಸಿರಲ್ಲ, ನಾನೇ ಎದ್ದು ಒಪ್ಪಿಕೊಂಡುಬಿಡ್ತೀನಿ, ವಯಸ್ಸಾದವಳು ಅಂತ ಕನಿಕರ ತೋರಿಸ್ತಾರೆ, ಇನ್ನೊಂದು ಪ್ರತಿ ತಗೋತಾರೆ. ಕನಿಕರವಂತೆ! ಒಪ್ಪಿಕೊಂಡರೆ ಅಲ್ಲಿಗೆ ಮುಗಿಯಿತು, ಕೇಸೂ ಮುಗಿಯಿತು, ಅಕ್ಕನೂ ಮುಗಿದಳು, ಮಾಡದ ತಪ್ಪನ್ನು ಹೊತ್ತುಕೊಂಡು ಇರುವಷ್ಟು ದಿನ ಹೀಗೇ ಕೈ ಕಟ್ಟಿಕೊಂಡು ಕೂರುತ್ತಾಳೆ, ಮೊನ್ನೆ ಬ್ಯಾಂಕಿನ ಚೀಟಿಗೆ ಸೀಲು ಹಾಕು ಅಂದರೆ ಮುಟ್ಟಲೇ ಇಲ್ಲ, ನನ್ನ ಕೈ ಸರಿಯಿಲ್ಲ, ನೀನೇ ಹಾಕ್ಕೋ.

ಕೈ ಸರಿಯಿಲ್ಲ — ಆ ದಿನ ಹಾಗಂದದ್ದು ಅವಳೇ ಅಲ್ಲವೇ, ಕಡೆಯ ದಿನ, ಐದಕ್ಕೆ ಕೌಂಟರ್ ಮುಚ್ಚುತ್ತದೆ, ಹೊಸ ಪ್ಯಾಡು, ಮಸಿ ತುಳುಕುತ್ತಿದೆ, ಸೀಲೆಲ್ಲ ಹಾಳೆಯ ಕೆಳಗಿನ ಮೂಲೆಗೆ, ಆ ಒಂದು ಪ್ರಮಾಣಪತ್ರದಲ್ಲಿ ಮಾತ್ರ ಕೆಳಗೆ ಇಲಾಖೆಯ ಹಳೆಯ ಮೊಹರು ಜಾಗ ಹಿಡಿದು ಕೂತಿತ್ತು, ಅಕ್ಕ ಒಂದು ಗಳಿಗೆ ಯೋಚಿಸಿ ಮೇಲ್ಗಡೆ ತಲೆಬರಹದ ಪಕ್ಕ ಒತ್ತಿಬಿಟ್ಟಿದ್ದಳು, ಅದೂ ಸೊಟ್ಟಗೆ. ತಲೆ ಮೇಲೆ ಯಾರಾದ್ರೂ ಸೀಲು ಹೊಡೀತಾರಾ ಅಕ್ಕಾ, ನಿನ್ನ ಕೈಯೇ ಸರಿಯಿಲ್ಲ ಅಂತ ಅವಳು, ಮಸಿ ಆರೋವರೆಗಾದ್ರೂ ಬಿಡು ಮಾರಾಯ್ತಿ ಅಂತ ಅಕ್ಕ, ಎಲ್ಲಿದೆ ಟೈಮು ಅಂತ ಅವಳು, ಹಸಿಹಸಿಯಾಗಿಯೇ ಕಟ್ಟಿ, ಕವರಿಗೆ ತುರುಕಿ, ಓಡಿ, ಕೊಟ್ಟು, ನಾಲ್ಕೂ ನಲವತ್ತರ ರಸೀದಿ ತಗೊಂಡು ಉಸ್ಸಪ್ಪಾ ಅಂದದ್ದು. ನಿನ್ನೆ ಅವಳೊಬ್ಬಳೇ ಫೈಲು ನೋಡಲು ಬಂದಿದ್ದಳು, ನೋಡ್ಬಹುದು, ಫೋಟೋ ತೆಗೆಯೋ ಹಾಗಿಲ್ಲ ಅಂತ ಗುಮಾಸ್ತ ತಲೆಯ ಮೇಲೇ ನಿಂತಿದ್ದ, ಒಂದೇ ಮಗ್ಗುಲು ಅಚ್ಚಾದ ಹಾಳೆಗಳು, ಮಗುಚಿ ಮಗುಚಿ ನೋಡುತ್ತಿದ್ದಂತೆ ಪ್ರತಿಯೊಂದರ ಬೆನ್ನ ಮೇಲೂ ಮುಂದಿನ ಹಾಳೆಯ ಹಸಿ ಸೀಲು ಅಂಟಿ ಬಿದ್ದ ಗುರುತು, ಎಲ್ಲವೂ ಕೆಳಗೆ, ಕೆಳಗೆ, ಕೆಳಗೆ, ನೂರಾ ಹನ್ನೊಂದರ ಬೆನ್ನಿಗೆ ಬಂದಾಗ ಕೆಳಗೆ ಏನೂ ಇಲ್ಲ, ಮೇಲೆ — ಮುಖ ಕಲ್ಲು ಮಾಡಿಕೊಂಡಳು, ಕೆಮ್ಮಿದಳು, ಮುಂದಿನ ಹಾಳೆ ತಿರುವಿದಳು, ಏನ್ ಮೇಡಂ, ಸಿಕ್ತಾ, ಇಲ್ಲಪ್ಪಾ, ಏನಿದೆ ಸಿಗೋಕೆ. ಅಕ್ಕನಿಗೂ ಹೇಳಲಿಲ್ಲ, ಅಕ್ಕನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಸುದ್ದಿ ಹಬ್ಬಿತೆಂದರೆ ಒಂದು ಹಾಳೆಗೆ ಕಾಲು ಬಂದ ಹಾಗೆ ಇನ್ನೊಂದಕ್ಕೂ ಬಂದೀತು. ರಾತ್ರಿಯೊಳಗೆ ಬಂದಿದ್ದರೆ? ಇಲ್ಲ, ಇರಬೇಕು, ಇರಲೇಬೇಕು.

ನೀವು ಹೇಳೋದೇನಮ್ಮಾ, ಅಧಿಕಾರಿ ಕೇಳುತ್ತಿದ್ದಾರೆ, ಆ ಪುಟ ಇತ್ತು ಅನ್ನೋದಕ್ಕೆ ಏನಾದ್ರೂ ಆಧಾರ ಇದೆಯಾ? ಸಾರ್, ಅದು ಅಂತ ಅಕ್ಕ ಬಾಯಿ ತೆರೆದೇಬಿಟ್ಟಳು, ಅದು ನನ್ನ — ಅವಳು ಅಕ್ಕನ ಮಣಿಕಟ್ಟು ಹಿಂಡಿದಳು, ಇದೆ ಸಾರ್, ಆಧಾರ ನಿಮ್ಮ ಕೈಯಲ್ಲೇ ಇದೆ, ದಯವಿಟ್ಟು ನೂರಾ ಹನ್ನೊಂದನ್ನ ಮಗುಚಿ ನೋಡಿ. ಗುಮಾಸ್ತ ದಾರ ಬಿಚ್ಚುತ್ತಿದ್ದಾನೆ, ಗಂಟು ನಿನ್ನೆಯದೇ ತಾನೇ, ಅಧಿಕಾರಿಯ ಬೆರಳು ಹಾಳೆಗಳ ಅಂಚಿನ ಮೇಲೆ, ನೂರಾ ಎಂಟು, ನೂರಾ ಒಂಬತ್ತು, ಟಕ್ ಟಕ್ ಅನ್ನುವ ಆ ಹಾಳು ಫ್ಯಾನು, ನೂರಾ ಹತ್ತು, ನೂರಾ ಹನ್ನೊಂದು — ಇದೆ, ಮಗುಚಿದರು, ಕನ್ನಡಕ ಮೇಲೆತ್ತಿದರು, ಇಳಿಸಿದರು. ಅದು ನೂರಾ ಹದಿಮೂರರ ಮಸಿ ಇರ್ಬಹುದು ಸಾರ್ ಅಂತ ವಕೀಲರು, ಅದರ ಸೀಲು ಕೆಳಗಿದೆ ವಕೀಲ್ರೇ, ಇದು ಮೇಲಿದೆ ಅಂತ ಅಧಿಕಾರಿ, ಅದು ನೂರಾ ಹನ್ನೆರಡರದ್ದು, ಹಸಿ ಇರುವಾಗಲೇ ಕಟ್ಟಿದ್ದು ಸಾರ್, ನಾಲ್ಕೂ ನಲವತ್ತರ ರಸೀದಿ ನೋಡಿ ಅಂತ ಅವಳು, ಪೆನ್ನಿನ ಮುಚ್ಚಳ ನಿಂತಿತು. ಹಿಡಿತ ಬಿಡಿಸಿಕೊಂಡು ಅಕ್ಕ ಎದ್ದೇಬಿಟ್ಟಿದ್ದಾಳೆ, ಮೇಜಿನ ಮೇಲೆ ಬಾಗಿದ್ದಾಳೆ, ಅಯ್ಯೋ, ಇದು ನಾನು ಹೊಡೆದದ್ದು ಸಾರ್, ನಾನೇ, ತಲೆ ಮೇಲೆ ಹೊಡೆದೆ ಅಂತ ಇವಳು ಬೈದಿದ್ಲು. ಅಕ್ಕನ ಬೆರಳು ಹಾಳೆಯನ್ನು ಮುಟ್ಟದೆ ಗಾಳಿಯಲ್ಲೇ ಸುತ್ತ ಒಂದು ಗೆರೆ ಎಳೆಯುತ್ತಿದೆ, ಮುಂದೆ ಏನು ಹೇಳಬೇಕೆಂದು ಬರೆದುಕೊಂಡು ಬಂದದ್ದೆಲ್ಲ ಅವಳಿಗೆ ಮರೆತುಹೋಗಿದೆ, ಖಾಲಿ ಹಾಳೆಯ ಮೇಲ್ತುದಿಯಲ್ಲಿ ನೇರಳೆ ಬಣ್ಣದ ಒಂದು ಸೊಟ್ಟ ಉಂಗುರ, ಒಳಗೆ ಅಕ್ಷರಗಳೆಲ್ಲ ತಿರುಗುಮುರುಗು, ಅಕ್ಕನ ಕೈ, ನೇರಳೆ ಉಂಗುರ, ಸೊಟ್ಟಗೆ, ಮೇಲೆ