ಮೊಗ್ಗಿನ ಜಡೆಯ ಮೇಸ್ತ್ರಿ

ನಮ್ಮ ಯಜಮಾನರ ಮೀಸೆ ನೋಡಿದರೆ ಯಾರೂ ಎದುರು ಮಾತಾಡುವುದಿಲ್ಲ. ಹಾಗಂತ ಅವರು ತಿಳಿದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ನಾವು ದುಡಿಯಲು ಬಂದ ಈ ತೆಲುಗು ಪಟ್ಟಣದ ಮಣಿಕೊಂಡದಲ್ಲಿ ಏಳುತ್ತಿರುವ ದೊಡ್ಡ ಅಪಾರ್ಟ್‌ಮೆಂಟ್ ಒಂದರಲ್ಲಿ ಗೋಡೆಗಳಿಗೆ ಗಿಲಾವು ಮಾಡಿಸುವ ಮೇಸ್ತ್ರಿ ಅವರು. ಕೈಕೆಳಗಿನವರೆಲ್ಲ ನಮ್ಮ ಸುರಪುರ, ಶಹಾಪುರ ಕಡೆಯ ಹುಡುಗರು. ಬೆಳಿಗ್ಗೆ ಇವರು ಗೇಟಿನಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ಕೂತವರು ಏಳುತ್ತಾರೆ, ಎದ್ದವರು ಓಡುತ್ತಾರೆ. ಮನೆಯಲ್ಲಿ ಕೆಮ್ಮಿದರೆ ನಾನು ಶುಂಠಿ ಕಷಾಯ ಕೊಡುತ್ತೇನೆ, ಅಷ್ಟೇ.

ಇಂಥ ಗಂಡಸಿನ ಮಾನ ಹೋಗಿ ಹೋಗಿ ಒಂದು ಹಳೆಯ ಫೋಟೋದ ಕೈಗೆ ಸಿಕ್ಕಿತು ನೋಡಿ.

ನಮ್ಮ ಕಡೆ ಗಂಡುಮಕ್ಕಳ ತಲೆಗೆ ಜವಳ ತೆಗೆಸುವವರೆಗೂ ಕತ್ತರಿ ಮುಟ್ಟಿಸುವುದಿಲ್ಲ. ಕೂದಲು ಹೆಗಲು ದಾಟಿ ಇಳಿಯುತ್ತದೆ. ಅದನ್ನು ದೇವರಿಗೆ ಕೊಡುವ ಮುಂಚೆ ಹುಡುಗನಿಗೆ ಲಂಗ ಉಡಿಸಿ, ಮೊಗ್ಗಿನ ಜಡೆ ಹೆಣೆದು, ಸ್ಟುಡಿಯೋಕ್ಕೆ ಕರೆದೊಯ್ದು ಒಂದು ಫೋಟೋ ತೆಗೆಸುವುದು ಎಷ್ಟೋ ಮನೆಗಳಲ್ಲಿ ನಡೆದುಬಂದ ಪದ್ಧತಿ. ನಮ್ಮತ್ತೆ ಬಂಡೆಮ್ಮನೂ ಮಗನಿಗೆ ಮೂರು ತುಂಬಿದಾಗ ಹಾಗೇ ಮಾಡಿದ್ದರು. ಹಿಂದೆ ಕನ್ನಡಿ ಇಟ್ಟು ಜಡೆ ಕಾಣುವಂತೆ ತೆಗೆಸಿದ ಚೆಂದದ ಫೋಟೋ. ಆದರೆ ಮುಖ? ಹುಬ್ಬು ಗಂಟು ಹಾಕಿದೆ, ಕೆಳತುಟಿ ಮುಂದೆ ಬಂದಿದೆ, ಎರಡೂ ಮುಷ್ಟಿ ಬಿಗಿದಿವೆ, ಕಣ್ಣಿನ ಕಾಡಿಗೆ ಕೆನ್ನೆಗೆಲ್ಲ ಮೆತ್ತಿದೆ. ಫೋಟೋ ತೆಗೆದವನನ್ನು ಎದ್ದು ಬಂದು ಕಚ್ಚುತ್ತದೇನೋ ಅನ್ನಿಸುವಂಥ ಕೂಸು.

ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದುವ ನಮ್ಮ ಮಗಳು ಶೈಲಾ ಒಂದು ದಿನ ಅಜ್ಜಿಯ ಟ್ರಂಕು ತೆಗೆದವಳು ಆ ಫೋಟೋವನ್ನು ಫೋನಿನಲ್ಲಿ ಹಿಡಿದು, ಬರೀ ಮುಖವನ್ನಷ್ಟೇ ಕತ್ತರಿಸಿ, "ರೇಪು ಎಗ್ಜಾಮ್ ಅಂಟ" ಎಂದು ತೆಲುಗಿನಲ್ಲಿ ಬರೆದು ಗೆಳತಿಯರಿಗೆ ಕಳಿಸಿದಳು. ನಾಳೆ ಪರೀಕ್ಷೆಯಂತೆ, ಅದಕ್ಕೆ ಈ ಸಿಟ್ಟು. ಗೆಳತಿಯರು ಸುಮ್ಮನಿರುತ್ತಾರೆಯೇ? ಯಾರೋ ಪರೀಕ್ಷೆ ಅನ್ನುವ ಮಾತು ತೆಗೆದು ಸೋಮವಾರ ಎಂದು ಹಾಕಿದರು. ಇನ್ಯಾರೋ "ಬಿರಿಯಾನಿಲೋ ಪೀಸ್ ಲೇದಂಟ" ಎಂದು ಬರೆದರು. ಬಿರಿಯಾನಿಯಲ್ಲಿ ತುಂಡು ಸಿಗದ ಸಿಟ್ಟು ಈ ಊರಿನಲ್ಲಿ ಸಣ್ಣ ಸಿಟ್ಟಲ್ಲ, ಅಲ್ಲಿಂದ ಮುಂದೆ ಅದನ್ನು ಹಿಡಿಯುವವರೇ ಇಲ್ಲವಾದರು. "ಕೋಪಂ ಪಾಪ" ಎಂದು, ಅಂದರೆ ಸಿಟ್ಟಿನ ಹುಡುಗಿ ಎಂದು, ಹೆಸರೂ ಬಿತ್ತು. ಹಿಮಾಯತ್‌ನಗರದಲ್ಲಿ ಒಂದು ಚಹಾ ಅಂಗಡಿಯವನು "ಇವತ್ತು ನಗದು, ನಾಳೆ ಉದ್ರಿ" ಬೋರ್ಡಿಗೆ ಅದೇ ಮುಖ ಅಂಟಿಸಿದ್ದನ್ನು ನಾನೇ ಕಣ್ಣಾರೆ ಕಂಡೆ. ಎಲ್ಲರೂ ಅದನ್ನು ಹೆಣ್ಣುಕೂಸೆಂದೇ ನಂಬಿದ್ದರು.

ನಮ್ಮ ಯಜಮಾನರಿಗೆ ತಿಳಿದದ್ದು ಉಸುಕಿನ ಲಾರಿ ತಡವಾದ ದಿನ. ಇಂಜಿನಿಯರ್ ಸಾಹೇಬರು ಕೆಲಸದ ಗ್ರೂಪಿಗೆ ಆ ಮುಖ ಹಾಕಿ "ಲಾರಿ ಎಲ್ಲಿ?" ಎಂದು ಕೇಳಿದ್ದರಂತೆ. ಮನೆಗೆ ಬಂದವರು ಚಪ್ಪಲಿಯನ್ನೂ ಬಿಡಲಿಲ್ಲ. ಪುಣ್ಯಕ್ಕೆ ಅತ್ತೆ ಗುಡಿಗೆ ಹೋಗಿದ್ದರು.

"ಶೈಲಾ! ಇದನ್ನ ಅಳಿಸು, ಈಗಿಂದೀಗ!"

"ನಂದು ಅಳಿಸೀನಪ್ಪಾ. ಉಳಿದೋರದು ನಾ ಹೆಂಗ ಅಳಿಸಲಿ? ಊರ ಮಂದಿ ಫೋನಿನ್ಯಾಗೆಲ್ಲ ಐತಿ."

ಅವರು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು. "ಹುಡುಗೋರಿಗೆ ಗೊತ್ತಾದ್ರ ನನ್ನ ಮಾತು ಯಾರು ಕೇಳ್ತಾರ? ಲಂಗ ಉಟ್ಟ ಮೇಸ್ತ್ರಿ ಅಂತ ಹಿಂದ ನಿಂತು ನಗ್ತಾರ. ಒಮ್ಮೆ ನಕ್ಕರಂದ್ರ ಮುಗೀತು, ಆಮ್ಯಾಲ ಗೋಡಿ ಸೊಟ್ಟ ಐತಿ ಅಂದ್ರೂ ನಗ್ತಾರ. ಮನಿಯಾಗ ಯಾರೂ ಬಾಯಿ ಬಿಡಬಾರದು. ಯವ್ವಗಂತೂ ಹೇಳಲೇಬ್ಯಾಡ್ರಿ, ಆಕಿ ಊರಿಗೆಲ್ಲ ಡಂಗುರ ಹೊಡೀತಾಳ."

ಪಾಪ, ಅವರ ಮುಖ ನೋಡಲಾಗಲಿಲ್ಲ. ಬಾಯಿ ಮುಚ್ಚಿಕೊಂಡೆವು. ಅವರು ಸಂಜೆ ತಡ ಮಾಡಿದಾಗ ಮಾತ್ರ ನಾನು ಅದೇ ಮುಖ ಕಳಿಸುತ್ತಿದ್ದೆ. ಬಿಡಲಾದೀತೇ?

ನಾನು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಕೆಲಸದ ಹುಡುಗರಿಗೆ ಮಾರುತ್ತೇನೆ. ಅವತ್ತೊಂದು ಸಂಜೆ ರೊಟ್ಟಿಗೆ ಬಂದ ಚನ್ನು ಎದೆ ಉಬ್ಬಿಸಿಕೊಂಡು ನಿಂತ. ಇವರ ಕೈಕೆಳಗಿನವರಲ್ಲೆಲ್ಲ ಬಾಯಿ ದೊಡ್ಡದಾದವನು ಅವನೇ.

"ಅಕ್ಕಾರ, ಈ ಕೋಪಂ ಪಾಪ ಯಾರಂತ ಗೊತ್ತೈತೇನ್ರಿ? ನಮ್ಮ ಚಿಕ್ಕವ್ವನ ಮಗಳ್ರಿ! ಸೈಟಿನ್ಯಾಗ ಎಲ್ಲಾರಿಗೂ ಹೇಳೀನಿ. ಈಗ ಇಂಜಿನಿಯರ್ ಸಾಹೇಬ್ರೂ ನನ್ನ ಹೆಸರು ಹಿಡಿದ ಕರೀತಾರ."

ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ! ಮೂಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದ ಅತ್ತೆ ಫೋನು ಇಸಿದುಕೊಂಡು ನೋಡಿದರು. ನಾನು ರೊಟ್ಟಿ ಗಂಟನ್ನು ಚನ್ನುವಿನ ಕೈಗೆ ತುರುಕಿ, ಫೋನನ್ನೂ ಕೊಟ್ಟು ಹೊರಗೆ ದಬ್ಬಿದೆ.

"ಭಾಗ್ಯಾ," ಅಂದರು ಅತ್ತೆ, "ನಾ ಹೆತ್ತ ಕೂಸನ್ನ ಯಾವಕಿ ತನ್ನದಂತ ಹೇಳಾಕತ್ತಾಳ?"

"ಬಿಡ್ರಿ ಅತ್ತೀ, ಹುಡುಗ ಏನೋ ಬಡಬಡಿಸ್ತಾನ."

"ಬಿಡೂದು ಹೆಂಗ? ಮೊಗ್ಗು ಪೋಣಿಸಿ ಪೋಣಿಸಿ ಬೆರಳು ತೂತು ಬಿದ್ದದ್ದು ನಂದು!"

ನಿಮ್ಮ ಮಗನಿಗೆ ಆ ಫೋಟೋ ಕಂಡರೆ ನಾಚಿಕೆ ಎಂದು ಹೇಳಬೇಕಿತ್ತು. ಹೇಗೆ ಹೇಳಲಿ? ಮೂವತ್ತೈದು ವರ್ಷ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡು ಬಂದ ಫೋಟೋ ಅದು. ಯಜಮಾನರಿಗೂ ಹೇಳಲಿಲ್ಲ, ಅತ್ತೆ ಮಲಗಿ ಎದ್ದರೆ ಮರೆಯುತ್ತಾರೆ ಅಂದುಕೊಂಡೆ.

ಅವರು ಮರೆಯುವ ಪೈಕಿಯೇ? ಮರುದಿನ ಮಧ್ಯಾಹ್ನ ರೊಟ್ಟಿ ಬುಟ್ಟಿ ಕಟ್ಟಿ ತಿರುಗಿ ನೋಡುತ್ತೇನೆ, ಅತ್ತೆ ಇಲ್ಲ, ಟ್ರಂಕಿನ ಬಾಯಿ ತೆರೆದಿದೆ. ಬುಟ್ಟಿ ಹೊತ್ತುಕೊಂಡೇ ಸೈಟಿಗೆ ಓಡಿದೆ.

ನಾನು ಮುಟ್ಟುವಷ್ಟರಲ್ಲಿ ಅವರು ಊಟಕ್ಕೆ ಕೂತ ಹುಡುಗರ ನಡುವೆ ನಿಂತಾಗಿತ್ತು. ಇಂಜಿನಿಯರ್ ಸಾಹೇಬರೂ ಅಲ್ಲೇ ಇದ್ದರು. ನಮ್ಮ ಯಜಮಾನರ ಕೈಯಲ್ಲಿ ರೊಟ್ಟಿ ತುತ್ತು ಹಾಗೇ ನಿಂತಿತ್ತು.

"ಆ ಚನ್ನು ಎಲ್ಲದಾನಪಾ? ಇಲ್ಲಿ ನೋಡು, ಈ ಫೋಟೋ ನನ್ನ ಟ್ರಂಕಿನ್ಯಾಗ ಐತಿ. ನಿಮ್ಮ ಚಿಕ್ಕವ್ವನ ಮಗಳು ನನ್ನ ಟ್ರಂಕಿನ್ಯಾಗ ಹೆಂಗ ಬಂದು ಕುಂತ್ಲು?"

ಚನ್ನು ತಬ್ಬಿಬ್ಬಾದ. "ಮತ್ತ... ಇದು ಯಾರಬೇ ಆಯಿ?"

ಎಲ್ಲರೂ ಊಟ ಬಿಟ್ಟು ಸುತ್ತಲೂ ಮುತ್ತಿದರು. ಅತ್ತೆ ಮಗನ ಕಡೆ ತಿರುಗಿದರು. ಮುಖದ ತುಂಬ ಹೆಮ್ಮೆ. "ನೀನ ಹೇಳೋ ಹುಲಗ್ಯಾ. ಯಾರಿದು?"

ಅವರು ಸಾಹೇಬರನ್ನು ನೋಡಿದರು, ಹುಡುಗರನ್ನು ನೋಡಿದರು. ಫೋಟೋ ಕಡೆ ಕಣ್ಣು ಹಾಯಿಸಲಿಲ್ಲ.

"ನನಗೇನ ಗೊತ್ತು? ಯಾರದೋ ಹುಡುಗಿ ಇರಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. ಗಂಡ ಅಂತಲೂ ನೋಡದೆ ಆ ಬುಟ್ಟಿಯನ್ನು ತಲೆಯ ಮೇಲೆ ಕವುಚಿಬಿಡಬೇಕು ಅನ್ನಿಸಿತು. ಅತ್ತೆ ಮಾತ್ರ ಸಿಟ್ಟಾಗಲಿಲ್ಲ. ಮಗನ ಮುಖವನ್ನೇ ನೋಡುತ್ತ ನಿಂತರು. ಏನು ಓದಿಕೊಂಡರೋ, ಮೆಲ್ಲಗೆ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಹೌದ್ರಪಾ, ನಂದ ತಪ್ಪಾತು. ವಯಸ್ಸಾಗೈತಿ, ಕಣ್ಣು ಕಾಣಂಗಿಲ್ಲ. ಯಾರದೋ ಕೂಸನ್ನ ನಂದು ಅಂದೆ. ಬೇಜಾರ ಮಾಡ್ಕೋಬ್ಯಾಡ್ರಿ, ಉಣ್ರಿ."

ಹಾಗಂದು ಗೇಟಿನ ಕಡೆ ಹೊರಟರು. ಇವತ್ತಿಗೂ ದೀಪದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುವ ಹೆಂಗಸು! ನನಗೆ ಅಳು ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಂಡು ನೋಡುತ್ತೇನೆ, ನಮ್ಮ ಯಜಮಾನರ ಹುಬ್ಬು ಗಂಟು ಹಾಕಿದೆ. ಕೆಳತುಟಿ ಅದುರುತ್ತ ಅದುರುತ್ತ ಮುಂದೆ ಬಂತು. ಎರಡೂ ಮುಷ್ಟಿ ಬಿಗಿದವು. ಚನ್ನು ತನ್ನ ಫೋನು ನೋಡಿದ, ಅವರ ಮುಖ ನೋಡಿದ, ಮತ್ತೆ ಫೋನು ನೋಡಿದ.

"ಮೇಸ್ತ್ರೀ..." ಅಂದ.

"ಯವ್ವಾ, ನಿಂದ್ರಬೇ!" ಎಂದು ಇವರು ಕೂಗಿದ ಕೂಗಿಗೆ ಮೇಲಿನ ಮಹಡಿಯವರೂ ಇಣುಕಿದರು. "ಅದು ನಾನ! ಆ ಲಂಗ ನಂದು, ಆ ಜಡಿ ನಂದು, ಆಕಿ ನಮ್ಮವ್ವ! ನಗಾವ್ರು ನಗ್ರಿ, ಏನ್ ಮಾಡ್ತೀರಿ ಮಾಡ್ರಿ!"

ಓಡಿಹೋಗಿ ಅವ್ವನ ಕೈ ಹಿಡಿದುಕೊಂಡರು. ಸಾಹೇಬರೇ ಮೊದಲು ಬಾಯಿ ತೆರೆದರು. "ಅರೇ ಮೇಸ್ತ್ರೀ, ಕೋಪಂ ಪಾಪ ನುವ್ವೇನಾ?" ನೀನೇನಾ ಅದು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗರಿಗೂ ಇನ್ನೇನು ನಗು ಸಿಡಿಯಬೇಕು, ಅಷ್ಟರಲ್ಲಿ ಹಿಂದಿನಿಂದ ಒಬ್ಬ ತಲೆ ಕೆರೆದುಕೊಳ್ಳುತ್ತ, "ನಂದೂ ಒಂದು ಐತ್ರಿ, ನಮ್ಮವ್ವನ ಕಡೆ" ಅಂದ. ಇನ್ನೊಬ್ಬ, "ನಂಗ ಹಸಿರು ಲಂಗ ಉಡಿಸಿದ್ಲ್ರಿ" ಅಂದ. ಮತ್ತೊಬ್ಬನಿಗೆ ಡಾಬು, ಬುಗುಡಿ ಎಲ್ಲ ಹಾಕಿದ್ದರಂತೆ. ನೋಡನೋಡುತ್ತ ಅಲ್ಲಿದ್ದ ಗಂಡಸರೆಲ್ಲ ಜಡೆ ಹಾಕಿಸಿಕೊಂಡವರೇ ಆದರು. ಚನ್ನು ಒಬ್ಬನೇ ಕಂಬದ ಮರೆಗೆ ಸರಿಯುತ್ತಿದ್ದ. ಅವನನ್ನೂ ಎಳೆದು ತಂದು ಕೇಳಿದರೆ ಅವನದೂ ಇತ್ತು.

ಇಷ್ಟಾದ ಮೇಲೆ ನಮ್ಮ ಯಜಮಾನರಿಗೆ ಜೀವ ಬಂತು. ಎದೆ ಸೆಟೆದು, "ನಕ್ಕದ್ದು ಸಾಕು," ಅಂದರು. "ಆದ್ರ ಒಂದು ತಿಳ್ಕೋರಿ. ಫೋಟೋದಾಗ ಹೆಂಗ ಸಿಟ್ಟಿಲೆ ಕುಂತೀನಿ ನೋಡ್ರಿ. ಗಂಡಸಿಗೆ ಲಂಗ ಉಡಿಸಿದ್ರ ಮೂರು ವರ್ಷದಾಗೂ ಸಿಟ್ಟು ಬರ್ತೈತಿ!"

"ಏ, ಸುಳ್ಳುಬುರಕ!" ಅತ್ತೆ ಮಗನ ಬೆನ್ನಿಗೊಂದು ಗುದ್ದಿದರು. "ಫೋಟೋ ಆದಮ್ಯಾಲ ಜಡಿ ಬಿಚ್ಚತೀನಿ ಅಂದೆ, ಅದಕ್ಕ ಹಂಗ ಮಾರಿ ಮಾಡಿದ. ಮೊಗ್ಗು ಒಣಗಿ ತಾವಾಗೇ ಉದುರೋತನಕ ತಲಿ ಮುಟ್ಟಗೊಡಲಿಲ್ಲ ನನ್ನ ಬಂಗಾರ! ಓಣಿಗೆಲ್ಲ ತೋರಿಸ್ಕೊಂತ ಅಡ್ಡಾಡಿದ."

ಆ ನಗು ಮುಂದಿನ ಬೀದಿಗೂ ಕೇಳಿರಬೇಕು. ಮದುವೆಯಾಗಿ ಇಷ್ಟು ವರ್ಷವಾಯಿತು, ನಮ್ಮ ಯಜಮಾನರು ನಾಚಿಕೊಂಡದ್ದನ್ನು ನಾನು ನೋಡಿದ್ದು ಅವತ್ತೇ. ಕಿವಿಯೆಲ್ಲ ಕೆಂಪಾಗಿ, ಎಲ್ಲಿ ನೋಡಬೇಕೋ ತಿಳಿಯದೆ, ಅವ್ವನ ಹೆಗಲ ಹಿಂದೆ ಮುಖ ಮುಚ್ಚಿಕೊಂಡು ನಿಂತಿದ್ದರು.