ಮಂಗರವಳ್ಳಿಯ ಚಟ್ನಿ

ಮೈಮೂನಮ್ಮ ಫೋನ್ ಮಾಡಿದ್ದು ಬಳ್ಳಿಯ ಒಂದು ತುಂಡು ಕೇಳುವುದಕ್ಕೆ. ಬಂಟ್ವಾಳದಲ್ಲಿ ನನ್ನ ಅಜ್ಜಿಯ ಪಕ್ಕದ ಮನೆಯವರು.

"ನಿನ್ನ ಅಜ್ಜಿ ಇಂಜೆಕ್ಷನ್ ತಪ್ಪಿಸಿ ನಾಲ್ಕು ತಿಂಗಳಾಯ್ತಂತೆ, ಫಾಹಿಮಾ. ನಿನ್ನ ಬಳ್ಳಿಯ ಚಟ್ನಿ ತಿಂದೇ ಗಟ್ಟಿಯಾದರಂತೆ. ಈಗ ಕುರ್ಚಿಯೂ ಬೇಡ, ನೆಲದಲ್ಲೇ ನಮಾಝ್ ಮಾಡ್ತಾರೆ. ನನ್ನ ಮಂಡಿಗೂ ಸ್ವಲ್ಪ ಕೊಡು ಮಾರಾಯ್ತಿ."

ಮೂಡುಬಿದಿರೆಯ ಲ್ಯಾಬಿನಲ್ಲಿ ನಾನು ಅದೇ ಮಂಗರವಳ್ಳಿಯ ಸತ್ವ ತೆಗೆಯುತ್ತಿದ್ದೆ. ಅದರಿಂದ ಮೂಳೆ ಸವೆತಕ್ಕೆ ಮದ್ದು ಆದೀತೇ ಎಂಬುದೇ ನನ್ನ ಪಿಎಚ್‌ಡಿ. ಕೈಗವಸು ಕಿತ್ತೆಸೆದು ಓಡಿದೆ. ಬಸ್ಸು ಹತ್ತಿದ ಮೇಲೆಯೇ ಮೈಮೇಲೆ ಲ್ಯಾಬ್ ಕೋಟು ಇರುವುದು ಗೊತ್ತಾದದ್ದು.

ತಪ್ಪು ನನ್ನದೇ. ಲ್ಯಾಬಿಗೆ ಬೇಕೆಂದು ಆ ಬಳ್ಳಿಯನ್ನು ಅಜ್ಜಿಯ ಮನೆಯ ಪಾಗಾರದ ಗೋಡೆಗೆ ಹಬ್ಬಿಸಿದವಳು ನಾನು. ತಂಗಿ ಹನಾಳ ನಿಶ್ಚಿತಾರ್ಥದ ದಿನ ನೆಂಟರೆಲ್ಲ ಇನ್ನೂ ಓದುತ್ತಲೇ ಇದ್ದೀಯಾ ಎಂದು ಕುಟುಕಿದಾಗ, "ಈ ಬಳ್ಳಿಯಿಂದ ನಮ್ಮ ಲ್ಯಾಬಿನ ಇಲಿಗಳ ಮೂಳೆ ಗಟ್ಟಿಯಾಗಿದೆ" ಎಂದು ಜಂಬ ಕೊಚ್ಚಿದವಳೂ ನಾನೇ. ಅಜ್ಜಿ ಅವ್ವಮ್ಮ ಮೂಲೆಯಲ್ಲಿ ಕೂತು ಕೇಳಿಸಿಕೊಂಡಿದ್ದಳು. ಎಪ್ಪತ್ತಾರು ವರ್ಷದ ಅವಳ ಬೆನ್ನಿನ ಒಂದು ಮೂಳೆ ಆಗಲೇ ಕುಸಿದಿತ್ತು. ಆರು ತಿಂಗಳಿಗೊಮ್ಮೆ ಕೊಡುವ ಆ ಇಂಜೆಕ್ಷನ್ ತಪ್ಪಿಸಿದರೆ ಮೂಳೆ ಮೊದಲಿಗಿಂತ ಬೇಗ ಸವೆಯುತ್ತದೆ. ಬಗ್ಗಿದರೆ ಸಾಕು, ಇನ್ನೊಂದು ಮುರಿಯಬಹುದು. ಇದನ್ನು ಮಾತ್ರ ಅವಳಿಗೆ ಬಿಡಿಸಿ ಹೇಳಲು ನನಗೆ ಪುರುಸೊತ್ತಾಗಿರಲಿಲ್ಲ.

ಸಿದ್ಧಕಟ್ಟೆಯಲ್ಲಿ ಬಸ್ಸು ನಿಲ್ಲಿಸಿ ಡ್ರೈವರ್ ಚಾ ಕುಡಿಯಲು ಇಳಿದ.

"ಹೊರಡುವ ಅಲ್ವಾ?" ಎಂದೆ.

"ಟೈಮ್ ಉಂಟು" ಎಂದ ಕಂಡಕ್ಟರ್. ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಅಜ್ಜಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಅಜ್ಜಿಯ ಮನೆಯ ಬಾಗಿಲು ತೆರೆದೇ ಇತ್ತು. ಅಜ್ಜಿ ಮುಸಲ್ಲದ ಚಾಪೆಯ ಮೇಲೆ ಮಧ್ಯಾಹ್ನದ ನಮಾಝಿಗೆ ನಿಂತಿದ್ದಳು. ನಮಾಝಿನಲ್ಲಿರುವವರ ಕೈ ಹಿಡಿದು ಎಳೆಯುವುದು ಹೇಗೆ? ಅವಳು ಬಾಗಿದಳು, ಮಂಡಿಯೂರಿದಳು, ಹಣೆಯನ್ನು ನೆಲಕ್ಕಿಟ್ಟಳು. ಎದ್ದಳು. ಮತ್ತೆ ಬಾಗಿದಳು. ಇನ್ನೆಷ್ಟು ಉಳಿದಿದೆಯೋ ತಿಳಿಯದೆ ನಾನು ಬಾಗಿಲ ದಾರಂದ ಹಿಡಿದು ನಿಂತೆ. ನನಗೆ ಅಳು ಬರುತ್ತಿತ್ತು.

ಕೊನೆಗೆ ಸಲಾಂ ಹೇಳಿ ಮುಖ ತಿರುಗಿಸಿದವಳು ನನ್ನನ್ನು ಕಂಡು ನಕ್ಕಳು. "ಮೂರು ವರ್ಷದ ಮೇಲೆ ಹಣೆ ನೆಲ ಮುಟ್ಟಿತು, ನೋಡಿದೆಯಾ? ಬಳ್ಳಿಯನ್ನು ಹುಳಿ ಹಾಕಿ ಅರೆದರೆ ಬಾಯಿ ತುರಿಸುವುದಿಲ್ಲ."

"ಅಜ್ಜಿ, ಅದಿನ್ನೂ ಮದ್ದು ಆಗಲಿಲ್ಲ. ಮನುಷ್ಯರಿಗೆ ಕೊಟ್ಟು ನೋಡಲೇ ಇಲ್ಲ ನಾವು."

"ಇಲಿಗಳು ಗಟ್ಟಿ ಉಂಟು ಅಂದೆಯಲ್ಲ. ಈಗ ಓಡಾಡ್ತವಾ?"

"ಇಲ್ಲ. ಮೂಳೆ ಅಳೆಯಲಿಕ್ಕೆ ಕೊಂದೆವು."

ಅವಳು ಮಣಿಸರ ಕೈಗೆತ್ತಿಕೊಂಡಳು. "ಅಷ್ಟನ್ನೂ ಅವತ್ತೇ ಹೇಳಬಹುದಿತ್ತು ನೀನು."

ನಾಚಿಕೆಯಿಂದ ತಲೆ ತಗ್ಗಿಸಿ ಆಟೋಗೆ ಫೋನ್ ಮಾಡಿದೆ.

"ಸಂಜೆಯ ಅಸರ್ ನಮಾಝ್ ಒಂದನ್ನು ನೆಲದಲ್ಲೇ ಮಾಡ್ತೇನೆ, ಫಾಹಿಮಾ. ಮತ್ತೆ ಆಸ್ಪತ್ರೆಗೆ ಹೋಗುವ."

ಇನ್ನೊಂದು ಸಲ ಬಗ್ಗಿದರೆ ಏನೂ ಆಗದೆಯೂ ಇರಬಹುದಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ "ಬೇಡ" ಎಂದೆ.

ಅಜ್ಜಿ ವಾದಿಸಲಿಲ್ಲ. "ಆಯ್ತು. ನೀನು ಕಲಿತವಳು" ಎಂದಳು. ಹಾಗೆ ನಂಬಿಯೇ ಅವಳು ಇಂಜೆಕ್ಷನ್ ಬಿಟ್ಟದ್ದು. ಹಾಗೆ ನಂಬಿಯೇ ಈಗ ನನ್ನ ತೋಳು ಹಿಡಿದು ಆಟೋ ಹತ್ತಿದಳು.