ಒಂದು ಬೆರಳಿನ ಬಾಗಿಲು

"ನಿಲ್ಲಿ, ನಿಲ್ಲಿ! ಬಾಗಿಲಿಗೆ ತಗಲ್ತಾ ಇದೆ."

ಸ್ಟ್ರೆಚರ್ ಹಿಡಿದಿದ್ದ ನಾಲ್ವರೂ ಇಕ್ಕಟ್ಟಾದ ನಡುಮನೆಯಲ್ಲೇ ನಿಂತರು. ನಲವತ್ತು ವರ್ಷ ಕಂಡವರ ಮನೆಗೆಲ್ಲ ಬಾಗಿಲು ಕೂರಿಸಿದ ಬಡಗಿ, ಈಗ ಹೆಣವಾಗಿ ತನ್ನ ಮನೆಯ ಬಾಗಿಲು ದಾಟಲಾರದೆ ಸಿಕ್ಕಿಕೊಂಡಿದ್ದ.

"ಬಿಚ್ಚಬೇಕು," ಎಂದ ಉದ್ದಣ್ಣ. ಅವನು ಬಡಗಿಯ ಮೊದಲ ಶಿಷ್ಯ, ತಲೆ ನರೆತಿತ್ತು. "ಗುಬ್ಬೀ, ಬಾಮ್ಮ."

ಗುಬ್ಬಿ ಕೊನೆಯ ಶಿಷ್ಯೆ. ತಾಂತ್ರಿಕ ಕಾಲೇಜಿನವರು ಆರು ತಿಂಗಳು ಕೆಲಸ ಕಲಿಯಲೆಂದು ಇಲ್ಲಿಗೆ ಕಳಿಸಿದ್ದರು. ಅವಳು ಕಣ್ಣೊರೆಸಿಕೊಂಡು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಬಾಗಿಲು ಪಕ್ಕಕ್ಕೆ ಸರಿದಾಗ ಚೌಕಟ್ಟಿನ ತುಂಬ ಮರದ ಬಿರಡೆಗಳು ಕಂಡವು. ವರ್ಷವರ್ಷವೂ ಶಿಷ್ಯರು ಬಿಜಾಗರಿ ಕೂರಿಸಿ, ತಪ್ಪಿ, ತೂತು ಮುಚ್ಚಿದ ಗುರುತುಗಳು.

"ಈ ಸೊಟ್ಟಂದು ನಂದು," ಎಂದ ಉದ್ದಣ್ಣ.

"ಹೇಳಬೇಕಾ? ನೋಡಿದ್ರೇ ಗೊತ್ತಾಗತ್ತೆ," ಎಂದಳು ಬಡಗಿಯ ಹೆಂಡತಿ. ಯಾರೋ ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು.

ಸ್ಟ್ರೆಚರ್ ಹೊರಗೆ ಹೋಯಿತು.

* * *

ಕಲಿಕೆಯ ಕೊನೆಯ ದಿನ ಶಿಷ್ಯರು ಈ ಬಾಗಿಲನ್ನು ಬಿಚ್ಚಿ ಮತ್ತೆ ಕೂರಿಸಬೇಕಿತ್ತು. ಒಂದೇ ಬೆರಳಿಗೆ, ಸದ್ದಿಲ್ಲದೆ ಮುಚ್ಚಿಕೊಂಡರೆ ಪಾಸು. ಮಿಷನ್ನಿನ ಗದ್ದಲಕ್ಕೆ ಬಡಗಿಯ ಕಿವಿ ಎಂದೋ ಮಂದವಾಗಿತ್ತು. ಒಳಗೆ ನಿಂತು ಕೇಳುತ್ತಿದ್ದವಳು ಹೆಂಡತಿ. ಅವಳು ತಲೆಯಾಡಿಸಿದರೆ ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಶಿಷ್ಯರ ಕಲಿಕೆಯ ಪುಸ್ತಕದಲ್ಲಿ ಸಹಿ ಮಾಡುವನು.

ಒಂದು ವರ್ಷ ಬಾಗಿಲು ಕಿರುಗುಟ್ಟಿದರೂ ಕನಿಕರದಿಂದ ಅವಳು ತಲೆಯಾಡಿಸಿಬಿಟ್ಟಳು. ಅವನು ಬಾಗಿಲ ಮೇಲೆ ಅಂಗೈಯಿಟ್ಟು ಇನ್ನೊಮ್ಮೆ ತಳ್ಳಿದ. ಮರ ನಡುಗಿದ್ದು ಕೈಗೆ ತಿಳಿಯಿತು.

"ನಿನ್ನ ಕನಿಕರ ಒಂದಿನಕ್ಕೆ ಕಣೇ. ನಾಳೆ ಇವನು ಬಾಗಿಲು ಕೂರಿಸೋ ಮನೆಯೋರು ಆ ಸದ್ದು ದಿನಾ ಕೇಳಬೇಕಲ್ಲ."

ಆಮೇಲೆ ಅವಳೆಂದೂ ಸುಳ್ಳಿಗೆ ತಲೆಯಾಡಿಸಲಿಲ್ಲ.

* * *

ಮಣ್ಣು ಮಾಡಿ ಬಂದಾಗ ಮಧ್ಯಾಹ್ನ. ಕಾಲೇಜಿನ ಮೇಷ್ಟ್ರು ಗುಬ್ಬಿಯ ಪುಸ್ತಕ ಹಿಡಿದು ಒದ್ದಾಡುತ್ತಿದ್ದರು.

"ಇವತ್ತೇ ಇತ್ತಲ್ಲಮ್ಮ ನಿನ್ನ ಪರೀಕ್ಷೆ. ಮೇಸ್ತ್ರಿ ಒಪ್ಪಿಗೆ ಇಲ್ದೆ ಕೊನೇ ಪುಟ ತುಂಬೋಕಾಗಲ್ಲ. ಬೇರೆ ಕಡೆ ಮತ್ತೆ ಆರು ತಿಂಗಳು..."

ಗುಬ್ಬಿ ಜೇಬಿನಲ್ಲಿದ್ದ ಸ್ಕ್ರೂಗಳನ್ನು ಹಿಸುಕುತ್ತ ನಿಂತಳು.

"ಮೇಸ್ತ್ರಿಗೆ ಎಲ್ಲಿ ಕೇಳಿಸ್ತಿತ್ತು ಸಾರ್?" ಎಂದ ಉದ್ದಣ್ಣ. "ಇಷ್ಟು ವರ್ಷ ಒಪ್ಪಿದ್ದು ಅಮ್ಮ."

ಮೇಷ್ಟ್ರು ಪುಸ್ತಕದ ಕೊನೆಯ ಪುಟ ಬಿಡಿಸಿದರು. "ಹಾಗಾದ್ರೆ ಅಮ್ಮ ಒಪ್ಪಲಿ. ಅವರ ಸಹಿ ಕೆಳಗೆ ನಾನೂ ಹಾಕ್ತೀನಿ."

ಹೆಂಡತಿ ಒಳಗೆ ಹೋದಳು. ಗುಬ್ಬಿ ಬಾಗಿಲು ಕೂರಿಸಿ ತಳ್ಳಿದಳು.

"ಕೆಳಗಡೆ ಉಜ್ಜತ್ತೆ, ಗುಬ್ಬಿ," ಎಂದು ಒಳಗಿಂದ ದನಿ ಬಂತು.

"ಇವತ್ತೊಂದಿನ ಬಿಡಬಾರದಾ," ಎಂದು ನೆರೆಯವಳು ಗೊಣಗಿದಳು.

ಗುಬ್ಬಿ ಮತ್ತೆ ಬಿಚ್ಚಿದಳು. ಅಂಗಳದಲ್ಲಿ ಕೂತು ಅಂಚನ್ನು ಎಳೆಯಷ್ಟು ಹೆರೆದಳು. ಹೊರಡಬೇಕಾದವರು ಯಾರೂ ಹೊರಡಲಿಲ್ಲ. ಮತ್ತೆ ಕೂರಿಸುವಾಗ ಬಾಗಿಲಿನ ಭಾರ ಹಿಡಿಯಲು ಮುಂದೆ ಹೋದ ಉದ್ದಣ್ಣನ ಕೈ ಅರ್ಧಕ್ಕೇ ನಿಂತು ಜೇಬು ಸೇರಿತು.

ಕೊನೆಯ ಸ್ಕ್ರೂ ಬಿಗಿಯಿತು. ಅವಳು ಒಂದು ಬೆರಳಿಟ್ಟು ತಳ್ಳಿದಳು.

ಬಾಗಿಲು ಮುಚ್ಚಿತು. ಒಳಗಿಂದ ಮಾತಿಲ್ಲ.

ಆಮೇಲೆ ಅದು ಸದ್ದಿಲ್ಲದೆ ತೆರೆದುಕೊಂಡಿತು. ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿಯ ಕಿವಿಯ ಮೇಲೆ, ನರೆಗೂದಲಲ್ಲಿ ಸಿಕ್ಕಿಸಿದ ಗಂಡನ ಮೋಟು ಪೆನ್ಸಿಲ್ ಇತ್ತು.